ಮಾರ್ಚಿನಲ್ಲಿ ಶ್ರೀಲಂಕಾ: ಅಪ್ಪನಿಗೆ ರೈಲ್ವೆಯ ಟ್ಯಾಬ್ಲೆಟ್ ಬಿಲ್ಲೆ ತೋರಿಸಬೇಕು, ಘಟ್ಟದ ಹಳಿ ಕುಸಿದಿದೆ. ಹೋಗೋದಾ, ಬೇಡವಾ?

ಟೋಕನ್‌ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆ ಇಟ್ಕೊಂಡು ಓದಿ.

ನಮ್ಮಪ್ಪ ರಿಟೈರ್ಡ್ ಸ್ಟೇಷನ್ ಮಾಸ್ಟರ್. ಈಗ 71. ಸರ್ವಿಸ್‌ನ ಅರ್ಧಕ್ಕಿಂತ ಜಾಸ್ತಿ ಸಿಂಗಲ್ ಲೈನಿನ ಸಣ್ಣ ಸ್ಟೇಷನ್‌ಗಳಲ್ಲೇ ಕಳೀತು. ನಾನು ಹೋಮ್‌ವರ್ಕ್ ಮಾಡ್ತಿದ್ದದ್ದು ಅವರ ಮೇಜಿನ ಕೆಳಗೆ ಕೂತು, ನೀಲ್ಸ್ ಬಾಲ್ ಟೋಕನ್ ಮೆಷಿನ್ ಪಕ್ಕದಲ್ಲಿ. ಪಕ್ಕದ ಸ್ಟೇಷನ್‌ನಿಂದ ಗಂಟೆ ಬರೋದು, ಅಪ್ಪ ಉತ್ತರ ಕೊಡೋರು, ಹಿಡಿ ತಿರುಗಿಸೋರು, ಒಳಗಿಂದ ಕಬ್ಬಿಣದ ಗುಂಡು ಗಡಗಡ ಉರುಳಿ ಬಂದು ಠಕ್ ಅಂತ ನಿಲ್ಲೋದು. ಅದನ್ನ ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ಬಳೆ ಸಮೇತ ಪಾಯಿಂಟ್ಸ್‌ಮನ್ ಕೈಗೆ. ಆ ಗುಂಡು ಕೈಸೇರದೆ ಡ್ರೈವರ್ ಮುಂದಿನ ಸ್ಟೇಷನ್ ಕಡೆ ಒಂದಡಿ ಕದಲೋ ಹಾಗಿಲ್ಲ. ಗೊತ್ತಿರೋರಿಗೆ ಇದನ್ನೆಲ್ಲ ಹೇಳ್ತಿದೀನಿ, ಕ್ಷಮಿಸಿ, ಬರೆಯೋಕೆ ಶುರು ಮಾಡಿದ್ರೆ ನಿಲ್ಲಲ್ಲ.

ಹೋದ ವರ್ಷ ಅಪ್ಪ ಯಾವುದೋ ವಿಡಿಯೋದಲ್ಲಿ ಶ್ರೀಲಂಕಾದ ಘಟ್ಟದ ಲೈನ್ ನೋಡಿದ್ರು. ಅಲ್ಲಿ ಇನ್ನೂ ಟೈಯರ್ಸ್ ಟ್ಯಾಬ್ಲೆಟ್ ನಡೀತಿದೆ! ಗುಂಡಿನ ಬದಲು ಬಿಲ್ಲೆ, ಮಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಅದೇ. ಬೆತ್ತದ ಬಳೆ, ಓಡೋ ಎಂಜಿನ್‌ನಿಂದ ಕೈ ಚಾಚಿ ಹಿಡಿಯೋದು, ಕೈಮರ ಸಿಗ್ನಲ್. ಅಪ್ಪ ಆ ವಿಡಿಯೋನ ನಿಲ್ಲಿಸಿ ನಿಲ್ಲಿಸಿ ನೋಡಿದ್ರು. ಬಾಯಿಬಿಟ್ಟು ಏನೂ ಕೇಳಲಿಲ್ಲ, ಅವರು ಕೇಳೋ ಪೈಕಿ ಅಲ್ಲ. ಆದ್ರೆ ಮಾರನೇ ದಿನ ಪಾಸ್‌ಪೋರ್ಟ್ ಎಲ್ಲಿದೆ ಅಂತ ಬೀರು ಹುಡುಕ್ತಿದ್ರು.

ಮಾರ್ಚ್ ಎರಡನೇ ವಾರ, ಒಂಬತ್ತು ದಿನ, ಮೂರು ಜನ: ಅಪ್ಪ, ನಾನು, ನನ್ನ 12 ವರ್ಷದ ಮಗಳು. ಅವಳಿಗೆ ಬೇಕಾಗಿರೋದು 'ಎಲ್ಲಾ' (Ella) ಅನ್ನೋ ಊರಿನ ಒಂಬತ್ತು ಕಮಾನಿನ ಸೇತುವೆ ಮೇಲೆ ಒಂದು ಫೋಟೋ, ಅಷ್ಟೇ. ಪ್ಲಾನ್ ಹೀಗಿತ್ತು: ಕೊಲಂಬೊ ಫೋರ್ಟ್‌ನಿಂದ ಬದುಳ್ಳಕ್ಕೆ ಪೊಡಿ ಮೆನಿಕೆ ಅನ್ನೋ ರೈಲು, ಹತ್ತು ಗಂಟೆ ಪ್ರಯಾಣ. ನಡುವೆ 'ನಾನುಓಯ' ಅನ್ನೋ ಊರಲ್ಲಿ ಎರಡು ದಿನ.

ಅಷ್ಟರಲ್ಲಿ ನವೆಂಬರ್ ಕೊನೆಗೆ ದಿತ್ವಾ ಚಂಡಮಾರುತ ಬಂತು. ಘಟ್ಟದ ಹಳಿ ಎಷ್ಟೋ ಕಡೆ ಕುಸಿದದ್ದು ಎಲ್ಲರೂ ನೋಡಿದ್ದೀರಿ. ಒಂದು ಕಡೆ ಅಲ್ಲಿಯವರು 'ಬನ್ನಿ, ನಾವು ಸಿದ್ಧ' ಅಂತಿದಾರೆ. ಇನ್ನೊಂದು ಕಡೆ ನನಗೆ, ಊರು ಕೊಚ್ಚಿಹೋದ ಕಡೆ ರೈಲು ನೋಡೋಕೆ ಹೋಗೋದು ಸರಿನಾ ಅನ್ನೋ ಮುಜುಗರ.

ಪ್ರಶ್ನೆ: (1) ಈ ವರ್ಷ ಹೋಗೋದಾ? (2) ಹೋದ್ರೆ, ಹಳಿ ಪೂರ್ತಿ ಇಲ್ಲದೆ ಟ್ಯಾಬ್ಲೆಟ್ ನೋಡೋಕೆ ಆಗುತ್ತಾ? (3) ಟಿಕೆಟ್ ಒಂದು ನಿಮಿಷದಲ್ಲಿ ಖಾಲಿ ಅಂತಾರೆ, ಏನು ಮಾಡ್ತೀರಿ? (4) ಎಡಗಡೆ ಕೂರೋದಾ, ಬಲಗಡೆನಾ? ಇದು ಮಗಳ ಪ್ರಶ್ನೆ.

ಅಪ್ಪನಿಗೆ ಮಂಡಿ ನೋವಿದೆ. ಮೆಟ್ಟಿಲು ನಿಧಾನ.

---

ಪಾಸ್‌ಪೋರ್ಟ್‌ಪುಟ್ಟ:

ಸುಮ್ನೆ ಜಪಾನ್‌ಗೆ ಹೋಗಿ ಮೇಡಂ. ಹೇಳಿದ ಸೆಕೆಂಡಿಗೆ ರೈಲು ಬರುತ್ತೆ, ಹಳಿ ಕುಸಿಯೋ ತಲೆನೋವಿಲ್ಲ.

---

ಹಳಿಗುಂಟ_ಹೋದವ:

ಪುಟ್ಟ, ಅವರ ತಂದೆ ಕೇಳ್ತಿರೋದು ಶಿಂಕಾನ್ಸೆನ್ ಅಲ್ಲ ಕಣೋ. ಓದಿ ಉತ್ತರ ಕೊಡು.

ಮೇಡಂ, ನಾನು ಆ ಲೈನಿಗೆ ಮೂರು ಸಲ ಹೋಗಿದ್ದೀನಿ. ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತೆ.

ಕೊಲಂಬೊದಿಂದ ಬದುಳ್ಳದವರೆಗೆ ಸುಮಾರು 290 ಕಿ.ಮೀ. ಪೂರ್ತಿ ಹಳಿ ಬೇಕಾಗಿರೋದು ನಮಗೆ, ಟಿಕ್ ಹಾಕ್ಕೊಳ್ಳೋ ಚಟ ಇರೋರಿಗೆ. ಟ್ಯಾಬ್ಲೆಟ್‌ಗೆ ಎರಡು ಸ್ಟೇಷನ್ ಸಾಕು. ಘಟ್ಟದ ಮೇಲೆ ಯಾವ ತುಂಡು ಓಡ್ತಿದೆಯೋ ಅಲ್ಲಿಗೆ ಬಸ್ಸಲ್ಲೋ ಕಾರಲ್ಲೋ ಹೋಗಿ, ಆ ತುಂಡಿನಲ್ಲಿ ನಾಲ್ಕು ಸ್ಟೇಷನ್ ಓಡಾಡಿ. ಬಿಲ್ಲೆ ಅಲ್ಲೂ ಅದೇ, ಬಳೆ ಅಲ್ಲೂ ಅದೇ. ಯಾವ ತುಂಡು ಅಂತ ಹೊರಡೋ ವಾರ ರೈಲ್ವೆಯವರ ಪ್ರಕಟಣೆ ನೋಡಿಯೇ ತೀರ್ಮಾನ ಮಾಡಿ. ಮಣ್ಣು ಇನ್ನೂ ಸಡಿಲ, ಈ ವಾರ ಓಡಿದ್ದು ಒಂದು ದೊಡ್ಡ ಮಳೆಗೆ ಮತ್ತೆ ನಿಲ್ಲಬಹುದು. ಹೋಟೆಲ್‌ಗಳನ್ನ ಕ್ಯಾನ್ಸಲ್ ಮಾಡೋಕೆ ಬರೋ ಹಾಗೇ ಬುಕ್ ಮಾಡಿ.

ಟ್ಯಾಬ್ಲೆಟ್ ಹೇಗಿರುತ್ತೆ ಅಂತ ತಂದೆಯವರಿಗೆ ಹೇಳಿ: ಅಂಗೈಯಗಲದ ಲೋಹದ ಬಿಲ್ಲೆ, ಅದರ ಮೇಲೆ ಎರಡೂ ಕಡೆಯ ಸ್ಟೇಷನ್ ಹೆಸರು. ಮೆಷಿನ್ ಮರದ ಪೆಟ್ಟಿಗೆ, ಕೆಳಗೆ ಡ್ರಾಯರ್ ಥರ ಎಳೆಯೋ ಭಾಗ. ಆಚೆ ಸ್ಟೇಷನ್‌ನವರು ಕರೆಂಟ್ ಬಿಟ್ಟಾಗಲೇ ಡ್ರಾಯರ್ ಬರೋದು. ಒಂದು ಹೊರಗೆ ಬಂದಮೇಲೆ ಅದು ವಾಪಸ್ ಯಾವುದಾದರೂ ಒಂದು ಕಡೆಯ ಪೆಟ್ಟಿಗೆ ಸೇರೋವರೆಗೆ ಎರಡೂ ಕಡೆ ಇನ್ನೊಂದು ಬರಲ್ಲ. ನಾನು ನೋಡಿದ ಮೆಷಿನ್‌ನ ಹಿತ್ತಾಳೆ ಹಿಡಿ ಎಷ್ಟು ಸವೆದಿತ್ತು ಅಂದ್ರೆ, ಹೆಬ್ಬೆರಳು ಕೂರೋ ಜಾಗದಲ್ಲಿ ಸಣ್ಣ ಕುಳಿಯೇ ಬಿದ್ದಿತ್ತು. ಒಳಗೆ ಬಿಡೋದು ಆಯಾ ಸ್ಟೇಷನ್ ಮಾಸ್ಟರ್ ಮರ್ಜಿ, ನಿಯಮದ ಪ್ರಕಾರ ಪ್ರವಾಸಿಗರಿಗೆ ಪ್ರವೇಶ ಇಲ್ಲ. ನನ್ನನ್ನ ಒಂದು ಕಡೆ ನಯವಾಗಿ ಹೊರಗೆ ಕಳಿಸಿದ್ರು, ಇನ್ನೊಂದು ಕಡೆ ಟೀ ಕೊಟ್ರು. ನಿಮ್ಮ ತಂದೆ ತಮ್ಮ ಹಳೇ ಐಡಿ ಕಾರ್ಡ್ ಜೇಬಲ್ಲಿ ಇಟ್ಕೊಂಡು ಬರಲಿ. ಅದಕ್ಕಿಂತ ದೊಡ್ಡ ಪರ್ಮಿಟ್ ಬೇರೆ ಇಲ್ಲ. ಆಗಲಿಲ್ಲವಾ, ಪ್ಲಾಟ್‌ಫಾರಂ ತುದಿಯಲ್ಲಿ ನಿಂತ್ರೂ ಬಳೆ ಕೊಡೋದು ತಗೊಳ್ಳೋದು ಚೆನ್ನಾಗೇ ಕಾಣುತ್ತೆ.

ಟಿಕೆಟ್. ಆನ್‌ಲೈನ್ ರಿಸರ್ವೇಷನ್ 30 ದಿನ ಮುಂಚೆ ತೆರೆಯುತ್ತೆ, 'ಎಲ್ಲಾ' ಊರಿನ ಕಡೆ ಹೋಗೋ ಗಾಡಿಗಳದ್ದು ಕಣ್ಣು ಮಿಟುಕಿಸೋದ್ರಲ್ಲಿ ಹೋಗುತ್ತೆ. ಎರಡನೇ ಸಲ ಹೋದಾಗ ನಾನು ಒಬ್ಬ ಏಜೆಂಟ್ ಹತ್ರ ಮೂರು ಪಟ್ಟು ಕೊಟ್ಟೆ. ಆ ಪುಣ್ಯಾತ್ಮ ಕಳಿಸಿದ್ದು ತಪ್ಪು ತಾರೀಕಿನದು, ಆಮೇಲೆ ಫೋನೇ ಎತ್ತಲಿಲ್ಲ. ಕೊನೆಗೆ ಕೌಂಟರಲ್ಲಿ ಥರ್ಡ್ ಕ್ಲಾಸ್ ಅನ್‌ರಿಸರ್ವ್ಡ್ ತಗೊಂಡು ಹೋದೆ. ಅದೇ ಮೂರರಲ್ಲಿ ಅತಿ ಒಳ್ಳೆ ಪ್ರಯಾಣ ಆಯ್ತು. ಆದ್ರೆ ನಿಮ್ಮದು ಬೇರೆ, ಮಂಡಿ ನೋವಿನೋರನ್ನ ಹತ್ತು ಗಂಟೆ ನಿಲ್ಲಿಸೋಕಾಗಲ್ಲ. ಎರಡು ಉಪಾಯ. ಒಂದು, ಕ್ಯಾಂಡಿಯಲ್ಲಿ ಹತ್ತಬೇಡಿ, ಜಾತ್ರೆ ಅಲ್ಲೇ. ಗಾಡಿ ಹೊರಡೋ ಜಾಗದಲ್ಲೇ ಹತ್ತಿ. ಎರಡು, ಉಲ್ಟಾ ಹೋಗಿ, ಬದುಳ್ಳ ಕಡೆಯಿಂದ ಘಟ್ಟ ಇಳಿಯೋದು. ಎಲ್ಲರೂ ಘಟ್ಟ ಹತ್ತೋಕೆ ಹೋಗ್ತಾರೆ, ಇಳಿಯೋರು ಕಮ್ಮಿ.

ಎಸಿ ಫಸ್ಟ್ ಕ್ಲಾಸ್ ಖಂಡಿತ ಬೇಡ. ಕಿಟಕಿ ತೆಗೆಯೋಕಾಗಲ್ಲ. ಘಟ್ಟದಲ್ಲಿ ಎಂಜಿನ್ ಸದ್ದು ಕೇಳದ ಮೇಲೆ ಬಸ್ಸಲ್ಲಿ ಹೋದ್ರೂ ಒಂದೇ. 44 ಅಡಿಗೆ ಒಂದಡಿ ಏರು, ಜೊತೆಗೆ ನೂರು ಮೀಟರ್ ತ್ರಿಜ್ಯದ ತಿರುವು. ಒಂದೊಂದು ತಿರುವಲ್ಲಿ ಚಕ್ರದ ಅಂಚು (ಫ್ಲ್ಯಾಂಜ್) ಹಳಿಗೆ ಉಜ್ಜಿ ಕಿರ್ರೋ ಅನ್ನೋದು, ಮುಂದೆ ಜರ್ಮನಿಯ ಹೆನ್ಶೆಲ್ ಎಂ6 ಎಂಜಿನ್ ಏದುಸಿರು ಬಿಡೋದು, ಅದಕ್ಕೇ ಅಲ್ವಾ ನಾವು ಹೋಗೋದು? ಸೆಕೆಂಡ್ ಕ್ಲಾಸ್ ರಿಸರ್ವ್ಡ್ ಹುಡುಕಿ.

ಎಡ–ಬಲ: ಮಗಳಿಗೆ ಹೇಳಿ, ಇಂಟರ್‌ನೆಟ್ಟಲ್ಲಿ ಆ ಜಗಳ ಮುಗಿಯಲ್ಲ. ಪೊಡಿ ಮೆನಿಕೆ ಪೆರಾದೆನಿಯ ಜಂಕ್ಷನ್‌ನಿಂದ ಕ್ಯಾಂಡಿಗೆ ಒಳಗೆ ಹೋಗಿ, ದಿಕ್ಕು ತಿರುಗಿಸಿಕೊಂಡು ವಾಪಸ್ ಬಂದು ಮೇಲೆ ಹತ್ತುತ್ತೆ. ಅಂದ್ರೆ ಫೋರ್ಟ್‌ನಲ್ಲಿ ಎಡಗಡೆ ಕೂತೋರು ಕ್ಯಾಂಡಿ ಆದಮೇಲೆ ಬಲಗಡೆ. ಉಡರಟ ಮೆನಿಕೆ ಅನ್ನೋ ಇನ್ನೊಂದು ಗಾಡಿ ಕ್ಯಾಂಡಿಗೆ ಹೋಗಲ್ಲ, ಅದಕ್ಕೆ ಈ ಲೆಕ್ಕ ಬರಲ್ಲ. ಕಣಿವೆ ಎರಡೂ ಕಡೆ ಇದೆ. ಕರಾವಳಿ ಲೈನಲ್ಲಿ ಮಾತ್ರ ಗೊಂದಲ ಇಲ್ಲ: ಫೋರ್ಟ್‌ನಿಂದ ಗಾಲೆ ಕಡೆ ಹೋಗುವಾಗ ಸಮುದ್ರ ಬಲಗಡೆ, ಅದೂ ಎಷ್ಟು ಹತ್ತಿರ ಅಂದ್ರೆ ಅಲೆ ಒಡೆದ ಹನಿ ಮುಖಕ್ಕೆ ಹಾರುತ್ತೆ.

ಬಾಗಿಲಲ್ಲಿ ನೇತಾಡೋದು ಮಾತ್ರ ಬೇಡ. ಬಂಡೆ, ಸುರಂಗದ ಗೋಡೆ ಒಂದು ಗೇಣು ದೂರದಲ್ಲಿ ಹಾಯುತ್ತೆ. ಫೋಟೋ ತೆಗೆಯೋಕೆ ಹೋಗಿ ಪ್ರಾಣ ಕಳ್ಕೊಂಡ ಪ್ರವಾಸಿಗರು ಇದ್ದಾರೆ.

---

ಬೋಟ್‌ಮೇಲ್:

ಮೇಲಿನವರು ಘಟ್ಟದ ಗುಂಗಿನಲ್ಲಿ ಉತ್ತರ ಶ್ರೀಲಂಕಾವನ್ನೇ ಮರೆತಿದ್ದಾರೆ. ನಾನು ವಿಮಾನ ಹತ್ತದೆ ಹೋಗಿಬಂದೆ, ಆದ್ದರಿಂದ ಬರೆಯುತ್ತಿದ್ದೇನೆ.

ನಾಗಪಟ್ಟಣದವರೆಗೆ ರೈಲು. ಅಲ್ಲಿಂದ ಕಾಂಕೇಸಂತುರೈಗೆ ಹಡಗು, ಸುಮಾರು ನಾಲ್ಕು ಗಂಟೆ. 2023ರ ಅಕ್ಟೋಬರ್‌ನಲ್ಲಿ ಶುರುವಾಗಿ ಕೆಲವೇ ದಿನಕ್ಕೆ ನಿಂತು, 2024ರ ಆಗಸ್ಟ್‌ನಲ್ಲಿ ಮತ್ತೆ ಶುರುವಾದ ಸರ್ವಿಸ್ ಅದು. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಹಡಗು ನಿಲ್ಲುತ್ತದೆ. ಮಾರ್ಚ್ ಎರಡನೇ ವಾರವೆಂದರೆ ಅಂಚಿನಲ್ಲಿದ್ದೀರಿ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಕಾಂಕೇಸಂತುರೈಯಲ್ಲಿ ಇಳಿದರೆ ಉತ್ತರದ ಲೈನಿನ ಕೊನೆಯ ಸ್ಟೇಷನ್ ಅಲ್ಲೇ. ರೈಲಿನಿಂದ ಹಡಗು, ಹಡಗಿನಿಂದ ರೈಲು. ನಮ್ಮ ಅಜ್ಜಂದಿರ ಕಾಲದಲ್ಲಿ ಇದು ಧನುಷ್ಕೋಡಿ–ತಲೈಮನ್ನಾರ್ ಮೇಲೆ ನಡೆಯುತ್ತಿತ್ತು, 1914ರಿಂದ. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನೇ ನುಂಗಿತು.

ನಿಮ್ಮ ತಂದೆಯವರಿಗೆ ಈ ಲೈನಿನ ಕಥೆ ಹೇಳಲೇಬೇಕು. 1956ರಲ್ಲಿ ಶುರುವಾದ ಯಾಳ್ ದೇವಿ ರೈಲು 1990ರಲ್ಲಿ ಜಾಫ್ನಾಕ್ಕೆ ಹೋಗುವುದು ನಿಂತಿತು. ಯುದ್ಧದಲ್ಲಿ ಹಳಿ ಕಿತ್ತರು, ಸ್ಲೀಪರ್‌ಗಳು ಬಂಕರ್‌ಗಳಿಗೆ ಹೋದವು. ಇಪ್ಪತ್ತನಾಲ್ಕು ವರ್ಷದ ನಂತರ, 2014ರ ಅಕ್ಟೋಬರ್‌ನಲ್ಲಿ, ಜಾಫ್ನಾ ಸ್ಟೇಷನ್‌ಗೆ ಮತ್ತೆ ಗಾಡಿ ಬಂತು. ಹಳಿ ಹಾಕಿದ್ದು ನಮ್ಮ ಸರ್ಕಾರಿ ರೈಲ್ವೆ ಕಂಪನಿ ಇರ್ಕಾನ್. ಮಾಹೊ–ಓಮಂತೈ ನಡುವಿನ 128 ಕಿ.ಮೀ. ಕೂಡ ಅವರೇ ಹೊಸದು ಮಾಡಿದರು, 2025ರ ಏಪ್ರಿಲ್‌ನಲ್ಲಿ ಉದ್ಘಾಟನೆ. ಈ ಲೈನಿಗೆ ಬಂದ ಎಸ್13 ಗಾಡಿ ಪೆರಂಬೂರಿನ ರೈಲು ಬೋಗಿ ಕಾರ್ಖಾನೆ ಐಸಿಎಫ್‌ನದು. ಗೇಜೂ ನಮ್ಮದೇ, 1,676 ಮಿ.ಮೀ.

ನಾನು ಜಾಫ್ನಾ ಪ್ಲಾಟ್‌ಫಾರಂನಲ್ಲಿ ಕೂತಿದ್ದಾಗ ಪಕ್ಕದಲ್ಲೊಬ್ಬ ಮುದುಕ ಇದ್ದರು. ಪ್ರಯಾಣಿಕರಲ್ಲ, ದಿನಾ ಗಾಡಿ ನೋಡಲು ಬರುತ್ತಾರಂತೆ. ನನ್ನ ಅರೆಬರೆ ತಮಿಳಿನಲ್ಲಿ ಯಾಕೆ ಅಂತ ಕೇಳಿದೆ. 'ಬರುತ್ತಾ ಅಂತ ನೋಡೋಕೆ' ಅಂದರು.

ಇನ್ನೊಂದು ಮಾತು. ಗಾಲೆಗೆ ಹೋಗುವ ದಾರಿಯಲ್ಲಿ ಪೆರಲಿಯ ಇದೆ. 2004ರ ಸುನಾಮಿಯಲ್ಲಿ ರೈಲು ಕೊಚ್ಚಿಹೋದ ಜಾಗ, ಜಗತ್ತಿನಲ್ಲೇ ಅತಿ ದೊಡ್ಡ ರೈಲು ದುರಂತ. ಆ ಎಂಜಿನ್, ಕೆನಡಾದಿಂದ ಬಂದ ಎಂ2, ನಂಬರ್ 591, ಹೆಸರು ಮ್ಯಾನಿಟೋಬಾ, ರಿಪೇರಿಯಾಗಿ ಮತ್ತೆ ಹಳಿಗೆ ಬಂತು. ಮೈಮೇಲೆ ಅಲೆಯ ಚಿತ್ರ ಬರೆದಿದ್ದಾರೆ. ಎಲ್ಲಾದರೂ ಕಂಡರೆ ಕ್ಯಾಮೆರಾಕ್ಕಿಂತ ಮುಂಚೆ ಒಂದು ಕ್ಷಣ ಕೈ ಮುಗಿಯಿರಿ.

---

ಸುಮ್ನೆ_ಪ್ಯಾಸೆಂಜರ್:

ಅಕ್ಕಾ, ನಾನು ರೈಲುಹುಚ್ಚಿನವಳಲ್ಲ, ಗಂಡ ಈ ಗುಂಪಲ್ಲಿದ್ದಾರೆ ಅಂತ ನಾನೂ ಇಣುಕೋದು. ನಿಮ್ಮ ಮೊದಲನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಎಲ್ಲರಿಗೂ ಎಂಜಿನ್ ನಂಬರೇ ಮುಖ್ಯ.

ಹೋಗಿ. ಮುಜುಗರ ಬೇಡ. ಅವರ ಕಷ್ಟ ಇವತ್ತಿನದಲ್ಲ. 2018ರಲ್ಲಿ 23 ಲಕ್ಷ ಪ್ರವಾಸಿಗರು ಬಂದಿದ್ರು. ಮರುವರ್ಷ ಈಸ್ಟರ್ ದಿನ ಬಾಂಬು, ಆಮೇಲೆ ಕೋವಿಡ್, 2022ರಲ್ಲಿ ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ. ಬಿದ್ದು ಎದ್ದು 2024ರಲ್ಲಿ ಮತ್ತೆ 20 ಲಕ್ಷ ದಾಟಿದ್ರು. ಅಷ್ಟರಲ್ಲಿ ಈ ಚಂಡಮಾರುತ. ನಾವು ಹಪುತಳೆ ಮೇಲೆ ಒಂದು ಮನೆಯಲ್ಲಿ ಉಳ್ಕೊಂಡಿದ್ವಿ, ನಾಲ್ಕೇ ರೂಮು. ಆ ಮನೆಯಮ್ಮ 'ಟ್ರೈನ್ ನಿಂತ ದಿನ ನಮ್ಮ ಒಲೆನೂ ನಿಂತ ಹಾಗೆ' ಅಂದಿದ್ರು. ದೊಡ್ಡ ಹೋಟೆಲ್‌ಗಳು ಹೇಗೋ ಬದುಕ್ತವೆ, ಇಂಥವರಿಗೆ ಬುಕಿಂಗ್ ಕ್ಯಾನ್ಸಲ್ ಆದ್ರೆ ಆ ತಿಂಗಳು ಹೋದಂಗೇ.

ಆದ್ರೆ ಕುಸಿದ ಗುಡ್ಡದ ಮುಂದೆ ನಿಂತು ಸೆಲ್ಫಿ ತೆಗೀಬೇಡಿ, ಮಗಳಿಗೂ ಹೇಳಿ. ಹಳಿ ಕೆಲಸ ಮಾಡೋರ ಹತ್ರ ಹೋಗಿ ಅಡ್ಡ ನಿಲ್ಲಬೇಡಿ. ಈ ಗುಂಪಿನವರಿಗೆ ಆ ಬುದ್ಧಿ ಸ್ವಲ್ಪ ಕಮ್ಮಿ, ನನ್ನ ಗಂಡನನ್ನೂ ಸೇರಿಸಿ.

ಗಾಡಿಯಲ್ಲಿ ಇಸ್ಸೊ ವಡೆ ಮಾರ್ಕೊಂಡು ಬರ್ತಾರೆ, ಸಿಗಡಿ ಅಂಟಿಸಿದ ವಡೆ. ತಿನ್ನದೆ ಇರೋರು ಬೇಯಿಸಿದ ಕಡಲೆ ತಗೊಳ್ಳಿ. ಮಕ್ಕಳ ನೋಟ್‌ಬುಕ್ ಹಾಳೆಯಲ್ಲಿ ಕಟ್ಟಿ ಕೊಡ್ತಾರೆ. ನನಗೆ ಸಿಕ್ಕಿದ್ದು ಒಂದು ಭಾಗಾಕಾರದ ಲೆಕ್ಕ, ಟೀಚರ್ ಕೆಂಪಲ್ಲಿ ತಪ್ಪು ಹಾಕಿದ್ರು. ಇನ್ನೊಂದು ತಮಾಷೆ, ಬೋರ್ಡಿನ ಸಿಂಹಳ ಅಕ್ಷರ ದೂರದಿಂದ ನೋಡಿದ್ರೆ ನಮ್ಮದೇ ಅನ್ಸುತ್ತೆ, ಹತ್ರ ಹೋದ್ರೆ ಒಂದೂ ಓದೋಕೆ ಬರಲ್ಲ.

---

ಟೋಕನ್‌ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ಯಾಸೆಂಜರ್ ಅವರೇ, ನಿಮ್ಮ ಮಾತು ಓದಿ ಮನಸ್ಸು ಹಗುರ ಆಯ್ತು. ಹೋಗ್ತಿದೀವಿ.

ಎಲ್ಲ ಉತ್ತರಗಳನ್ನ ಅಪ್ಪನಿಗೆ ಓದಿ ಹೇಳಿದೆ. ಜಾಫ್ನಾದ ಮುದುಕರ ಮಾತಿಗೆ ಸುಮ್ನಾದ್ರು. ಆಮೇಲೆ ಹಳಿಗುಂಟ ಸರ್ ಬರೆದ 'ಟ್ಯಾಬ್ಲೆಟ್‌ಗೆ ಎರಡು ಸ್ಟೇಷನ್ ಸಾಕು' ಅನ್ನೋದನ್ನ ಇನ್ನೊಂದು ಸಲ ಓದು ಅಂದ್ರು. ಓದಿದೆ. ಕನ್ನಡಕ ತೆಗೆದು ಒರೆಸ್ಕೊಂಡು ಹೇಳಿದ್ದು ಹಾಗೇ ಬರೀತೀನಿ:

'ಸಾಕಾಗಲ್ಲಮ್ಮ. ಹಳಿ ತುಂಡಾಗಿ ಅಲ್ಲಿ ಒಂದೇ ಗಾಡಿ ಹೋಗಿ ಬರ್ತಿದ್ರೆ ಟೋಕನ್ ಯಾಕೆ ಬೇಕು? ಎದುರಿಗೆ ಬರೋ ಗಾಡಿನೇ ಇಲ್ಲವಲ್ಲ. ನಮ್ಮ ರೂಲ್ ಬುಕ್ಕಲ್ಲಿ ಅದಕ್ಕೆ ಒನ್ ಟ್ರೇನ್ ಓನ್ಲಿ ಅಂತಾನೇ ಬೇರೆ ಪದ್ಧತಿ ಇದೆ. ಅವರೂ ಹಾಗೆ ಮಾಡಿದ್ರೆ ಮೆಷಿನ್‌ಗೆ ಬಟ್ಟೆ ಹೊದಿಸಿ ಇಟ್ಟಿರ್ತಾರೆ. ಕ್ರಾಸಿಂಗ್ ಆಗೋ ಸ್ಟೇಷನ್ ಯಾವುದು ಅಂತ ಕೇಳು.'

ಸರ್, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಅವರು ಹಾಗೇ.

---

ಹಳಿಗುಂಟ_ಹೋದವ:

ಬೇಜಾರಾ? ಮೂರು ಸಲ ಹೋಗಿ ಬಂದವನಿಗೆ ಇದು ಹೊಳೀಲಿಲ್ಲ, ಕೂತಲ್ಲೇ ಹೇಳಿದ್ರು ನೋಡಿ. ಸಾಷ್ಟಾಂಗ ನಮಸ್ಕಾರ ತಿಳಿಸಿ.

ಅವರು ಹೇಳಿದ್ದೇ ಸರಿ. ಟೈಮ್‌ಟೇಬಲ್ ಮುಂದಿಟ್ಕೊಂಡು, ಮೇಲಿನಿಂದ ಬರೋದು ಕೆಳಗಿನಿಂದ ಬರೋದು ಎರಡೂ ಎಲ್ಲಿ ಸಂಧಿಸುತ್ತೆ ಅಂತ ಗುರುತು ಹಾಕಿ. ಆ ಸ್ಟೇಷನ್‌ನಲ್ಲಿ ಅರ್ಧ ದಿನ ಕೂರಿ. ಕ್ರಾಸಿಂಗ್‌ನಲ್ಲಿ ಎರಡು ಬಿಲ್ಲೆ ಬರುತ್ತೆ, ಎರಡು ಹೋಗುತ್ತೆ. ಮಂಡಿಗೂ ಒಳ್ಳೇದು, ಬೆಂಚಿನ ಮೇಲೇ ಪೂರ್ತಿ ಕೆಲಸ.

ಪಟ್ಟಿಪೊಲ ಕಡೆ ಓಡ್ತಿದ್ರೆ ಒಂದು ಸ್ವೆಟರ್ ಇಟ್ಕೊಳ್ಳಿ, 1,891 ಮೀಟರ್, ಅಲ್ಲಿಯ ಅತಿ ಎತ್ತರದ ಸ್ಟೇಷನ್. ಮಗಳ ಸೇತುವೆ 'ಎಲ್ಲಾ' ಮತ್ತು ದೆಮೋದರ ಸ್ಟೇಷನ್‌ಗಳ ನಡುವೆ, 1921ರದ್ದು. ಅದಕ್ಕೆ ಗಾಡಿ ಓಡಲೇಬೇಕು ಅಂತಿಲ್ಲ, ಸೇತುವೆ ಎಲ್ಲೂ ಹೋಗಲ್ಲ. ಆದ್ರೆ ದಾರಿ ಇಳಿಜಾರು, ತಂದೆಯವರನ್ನ ದೆಮೋದರ ಸ್ಟೇಷನ್‌ನಲ್ಲೇ ಕೂರಿಸಿ. ಅಲ್ಲಿ ಹಳಿ ಗುಡ್ಡ ಸುತ್ತಿ ಇಳಿದು ಸುರಂಗದಲ್ಲಿ ಅದೇ ಸ್ಟೇಷನ್‌ನ ಕೆಳಗೇ ಹಾಯುತ್ತೆ. ಬೆಂಚಿನ ಕೆಳಗಿಂದ ರೈಲು ಹೋಗೋದನ್ನ ಅವರ ಸರ್ವಿಸ್‌ನಲ್ಲಿ ನೋಡಿರಲಿಕ್ಕಿಲ್ಲ.

---

ಟೋಕನ್‌ಮಗಳು:

ನೋಡಿಲ್ವಂತೆ. ಆದ್ರೆ 'ಮೇಲಿನ ಸ್ಟೇಷನ್‌ನಲ್ಲಿ ಕೂತೋರಿಗೆ ಕೆಳಗಿನ ಗಾಡಿ ಬಾಲದ ದೀಪ ಕಾಣಲ್ಲವಲ್ಲ, ಪೂರ್ತಿ ಗಾಡಿ ಬಂತು ಅಂತ ಹೇಗೆ ಹೇಳ್ತಾರೆ' ಅಂತ ಆಗಲೇ ಚಿಂತೆ ಶುರು.

ಕೊನೇದಾಗಿ ಅವರದೇ ಒಂದು ಪ್ರಶ್ನೆ, ಗೊತ್ತಿರೋರು ಹೇಳಿ. ಅಲ್ಲಿ ಲೈನ್ ಕ್ಲಿಯರ್, ಅಂದ್ರೆ ಗಾಡಿ ಕಳಿಸೋಕೆ ಆಚೆ ಸ್ಟೇಷನ್‌ನ ಒಪ್ಪಿಗೆ, ಕೇಳೋಕೆ ಎಷ್ಟು ಸಲ ಗಂಟೆ ಹೊಡೀತಾರೆ? ಬೆಳಿಗ್ಗೆಯಿಂದ ಊಟದ ಮೇಜಿನ ಮೇಲೆ ಚಮಚದಲ್ಲಿ ತಮ್ಮ ಕಾಲದ್ದನ್ನ ಹೊಡೆದು ತೋರಿಸ್ತಿದಾರೆ. ಮಗಳು ಆಚೆ ಸ್ಟೇಷನ್.